ಮೂರನೆಯ ಗುರುವಾರ

ಕುರ್ಚಿ ನಲವತ್ತು ಹಾಕು ಅಂದರು, ಮೂವತ್ತು ಹಾಕಿದೆ.
ಖಾಲಿ ಕುರ್ಚಿ ಇದ್ದರೆ ನುಡಿಸುವವರ ಕಣ್ಣು ಅಲ್ಲಿಗೇ ಹೋಗುತ್ತದೆ,
ಹಲ್ಲು ಬಿದ್ದ ಜಾಗಕ್ಕೆ ನಾಲಿಗೆ ಹೋದಂತೆ.
ತಾರ್ತುವಿನ ಈ ಹಳೆಯ ಅಗ್ನಿಶಾಮಕ ಠಾಣೆಯಲ್ಲಿ
ಗಾಡಿ ನಿಲ್ಲುತ್ತಿದ್ದ ಕಡೆ ಈಗ ಪಿಯಾನೊ.
ಕೊಳವೆ ಸುತ್ತಿಡುತ್ತಿದ್ದ ಕೊಂಡಿಗಳು ಗೋಡೆಯಲ್ಲಿ ಹಾಗೇ ಇವೆ;
ಕೋಟು ತಗುಲಿಸಲು ಅನುಕೂಲ.
ಹೊರಗೆ ಎಮಾಯೆಗಿ ಹೊಳೆ ಅರ್ಧ ಹೆಪ್ಪುಗಟ್ಟಿ
ಹರಿಯಲೋ ಬೇಡವೋ ಎಂದು ನೋಡುತ್ತಿದೆ.

ಹೋದ ತಿಂಗಳು ಬಸೂನಿನವಳು ಬಂದಿದ್ದಳು, ಮಾರ್ಯೆ.
ಸಂಜೆಯಿಡೀ ಚಾಕು ಹಿಡಿದು ಜೊಂಡು ಕೆರೆಯುತ್ತಲೇ ಮಾತಾಡಿದಳು:
"ನೂರು ಮಾಡಿದರೆ ಹತ್ತು ಹಾಡುತ್ತವೆ,
ಹತ್ತರಲ್ಲಿ ಒಂದು ನನ್ನ ಮಾತು ಕೇಳುತ್ತದೆ,
ಅದು ಸರಿಯಾಗಿ ಕಛೇರಿಯ ದಿನ ಸೀಳುತ್ತದೆ."
ಜನ ನಕ್ಕರು. ನಮ್ಮ ಕಡೆಯ ನಗು, ಅಂದರೆ
ಮೂಗಿನಿಂದ ಸ್ವಲ್ಪ ಗಾಳಿ.
ಅವಳು ಹೋದಮೇಲೆ ಗುಡಿಸಿದ್ದು ಒಂದು ಹಿಡಿ ಹೊಟ್ಟು;
ಒಲೆ ಹೊತ್ತಿಸಲಿಕ್ಕೆ ಬಂತು.
ಅದರ ಹಿಂದಿನ ತಿಂಗಳು ವಿಯೋಲಾದ ಅಣ್ಣತಮ್ಮಂದಿರು.
ಒಬ್ಬರ ಮುಖ ಒಬ್ಬರು ನೋಡದೆ
ಒಂದೇ ಉಸಿರಿಗೆ ಇಬ್ಬರೂ ಕಮಾನು ಎತ್ತಿದರು.
ಜಗಳವೇನೆಂದು ಯಾರೂ ಕೇಳಲಿಲ್ಲ,
ಪ್ರಶ್ನೆಗೆಂದೇ ಹದಿನೈದು ನಿಮಿಷ ಇಟ್ಟಿದ್ದರೂ.

ಇವತ್ತು ಫ್ರೆಂಚ್ ಹಾರ್ನ್. ಲೆಂಬಿತ್ ವಾಹೆರ್.
ಅರವತ್ತೊಂಬತ್ತು. ತುಟಿಯ ನಡುವೆ ಉಂಗುರದ ಗುರುತು,
ಮದುವೆ ಬೆರಳಿನಲ್ಲಿ ಬಿಡುವುದಕ್ಕಿಂತ ಆಳ.
"ನಾನು ನುಡಿಸಿದ್ದು ಕಡಿಮೆ," ಅಂದರು, "ಎಣಿಸಿದ್ದೇ ಹೆಚ್ಚು.
ನಲವತ್ತೊಂದು ವರ್ಷ ಹಿಂದಿನ ಸಾಲು.
ನೂರ ಹನ್ನೆರಡು ಆವರ್ತ ಸುಮ್ಮನಿರು ಎಂದು ಬರೆದಿರುತ್ತದೆ,
ಆಮೇಲೆ ಒಂದೇ ಒಂದು ಸ್ವರ, ಎತ್ತರದಲ್ಲಿ, ಮೆತ್ತಗೆ,
ಯಾರ ಆಸರೆಯೂ ಇಲ್ಲದೆ.
ಅಲ್ಲಿಯತನಕ ಸದ್ದಾಗದಂತೆ ಊದಿ ಊದಿ
ಕೊಂಬು ಬೆಚ್ಚಗಿಟ್ಟಿರಬೇಕು.
ತಪ್ಪಿದರೆ ಊರಿಗೆಲ್ಲ ಗೊತ್ತು.
ಸರಿಬಂದರೆ ಯಾರಿಗೂ ಇಲ್ಲ."

"ಎಣಿಸುವಾಗ ಏನು ಯೋಚಿಸುತ್ತೀರಿ?" ಒಬ್ಬ ಹುಡುಗ.
"ಯೋಚಿಸಿದರೆ ಎಣಿಕೆ ತಪ್ಪುತ್ತದೆ.
ಒಂದು ಸಲ ಯೋಚಿಸಿದೆ."
ಅಷ್ಟೇ. ಮುಂದೆ ತುಟಿ ಪಿಟಕ್ಕೆನ್ನಲಿಲ್ಲ.
ಕೊಂಬನ್ನು ಮಡಿಲಲ್ಲಿಟ್ಟು ತಿರುಗಿಸಿ ತಿರುಗಿಸಿ,
ಕೂಸಿನ ಬೆನ್ನು ತಟ್ಟಿ ತೇಗು ಬರಿಸುವವರ ಹಾಗೆ,
ನೀರು ಬಸಿದರು.
ನಾನು ಆಗಷ್ಟೇ ಒರೆಸಿದ ನೆಲದ ಮೇಲೆ.

ಕೊನೆಯ ಸಾಲಿನಿಂದ ಕೈ ಎತ್ತಿದೆ,
ಹದಿನಾಲ್ಕು ವರ್ಷದಲ್ಲಿ ಮೊದಲ ಸಲ:
"ಅದು ಎಂಜಲೇ?"
ಸಭೆ ಪೂರ್ತಿ ಹಿಂದೆ ತಿರುಗಿತು. ಕುರ್ಚಿಗಳೂ ಕಿರುಗುಟ್ಟಿದವು.
ಅವರು ಕೋಪಿಸಿಕೊಳ್ಳಲಿಲ್ಲ.
"ಎಲ್ಲರೂ ಹಾಗೇ ಅಂದುಕೊಳ್ಳುತ್ತಾರಮ್ಮ. ಬಹುಪಾಲು ಉಸಿರು.
ಹಿತ್ತಾಳೆ ತಣ್ಣಗೆ, ಒಳಗಿನದು ಬೆಚ್ಚಗೆ;
ಕಿಟಕಿಯ ಗಾಜಿಗೆ ಊದಿದರೆ ಆಗುತ್ತದಲ್ಲ, ಅದು.
ಬಿಚ್ಚಿದರೆ ಹನ್ನೆರಡು ಅಡಿ ಕೊಳವೆ.
ಎಷ್ಟು ಬಸಿದರೂ ಎಲ್ಲೋ ಒಂದು ಹನಿ ಉಳಿಯುತ್ತದೆ,
ನಿನ್ನೆಯದು, ಮೊನ್ನೆಯದು."

ಆಮೇಲೆ ನುಡಿಸಿದರು.
ಚೆನ್ನಾಗಿತ್ತೇ ಅಂದರೆ ನನಗೆ ತಿಳಿಯದು.
ಒಂದು ಕಡೆ ಸ್ವರ ಬಿರಿಯಿತು,
ಹೊಳೆಯ ಮಂಜಿನ ಮೇಲೆ ವರ್ಷದ ಮೊದಲ ಕಾಲಿಟ್ಟಾಗಿನ ಸದ್ದು.
ಅವರು ನಿಲ್ಲಲಿಲ್ಲ. ಯಾರೂ ಕದಲಲಿಲ್ಲ.
ಪಿಯಾನೊ ಒಂಟಿಯಾಗಿ ನಡೆಯುವಾಗ
ಅವರ ಹೆಬ್ಬೆರಳು ತೊಡೆಯ ಮೇಲೆ ಎಣಿಸುತ್ತಿತ್ತು.
ಜೊತೆಗೆ ನಾನೂ ಎಣಿಸಿದೆ.
ಹದಿನೇಳರಲ್ಲಿ
ಯೋಚಿಸಿಬಿಟ್ಟೆ.

ಎಲ್ಲ ಹೋದರು. ಕುರ್ಚಿ ಮಡಚಿದೆ. ಬಟ್ಟೆ, ಬಕೆಟ್ಟು ತಂದೆ.
ನೆಲದ ಮೇಲೆ ಅಂಗೈಯಗಲ ನೀರು,
ನೀರೊಳಗೆ ದೀಪ, ದೀಪಕ್ಕೆ ಅಡ್ಡ ನಾನು.
ಒಲೆ ಆರಿ ಕೋಣೆ ಕೊರೆಯುತ್ತಿತ್ತು;
ನನ್ನ ಉಸಿರೂ ಬಾಯಿಂದ ಹೊರಟು ಕಣ್ಣಿಗೆ ಕಾಣುತ್ತಿತ್ತು,
ಯಾವ ಕೊಂಬಿಗೂ ಹೋಗದೆ.
ಸ್ವಲ್ಪ ಹೊತ್ತು ನಿಂತು, ಒರೆಸಿದೆ.
ಹಾಗೇ ಬಿಟ್ಟರೆ ಬೆಳಿಗ್ಗೆ ಯಾರಾದರೂ ಜಾರುತ್ತಾರೆ.

ಮುಂದಿನ ತಿಂಗಳು ಟ್ಯೂಬಾ ಅಂತೆ.
ದೊಡ್ಡ ಬಕೆಟ್ಟು ಕೇಳಬೇಕು.